ಸಕ್ಕರೆ ಪಾಕದ ಆಲೂಗಡ್ಡೆ, ಸಬ್ಬಸಿಗೆ ಹಾಕಿದ ಆಲೂಗಡ್ಡೆ: ಊಟದ ಪಕ್ಕಕ್ಕೆ ಬಡಿಸುವ ಸ್ಕ್ಯಾಂಡಿನೇವಿಯಾದ ಅಡುಗೆಗಳನ್ನು ಮನೆಯಲ್ಲಿ ಮಾಡುವ ಬಗೆ

ಡೆನ್ಮಾರ್ಕಿನಲ್ಲಿ ಡಿಸೆಂಬರ್ 24ರ ರಾತ್ರಿಯ ಊಟಕ್ಕೆ ಒಂದೇ ತಟ್ಟೆಗೆ ಎರಡು ಬಗೆಯ ಆಲೂಗಡ್ಡೆ ಬಡಿಸುತ್ತಾರೆ. ಒಂದು ಬೆಳ್ಳಗೆ, ಸುಮ್ನೆ ಉಪ್ಪುನೀರಿನಲ್ಲಿ ಬೇಯಿಸಿದ್ದು. ಇನ್ನೊಂದು ಕಂದು ಬಣ್ಣದ್ದು. ನಿಂಬೆಹಣ್ಣಿಗಿಂತ ಚಿಕ್ಕದು, ಮೈಮೇಲೆಲ್ಲ ಹೊಳೆಯುವ ಸಕ್ಕರೆ ಪಾಕ. ಮೊದಲ ಸಲ ನೋಡಿದಾಗ ಅದನ್ನು ಜಾಮೂನಿನಂಥ ಏನೋ ಸಿಹಿ ಅಂದುಕೊಂಡು ತಟ್ಟೆಯ ಬದಿಗೆ ಸರಿಸಿದ್ದೆ. ಕೊನೆಗೆ ತಿನ್ನೋಣ ಅಂತ. ಆ ಮನೆಯ ಅಜ್ಜಿ ನೋಡಿ ನಕ್ಕರು. ಎಲೆಕೋಸು, ಗ್ರೇವಿ, ಆ ಕಂದು ಆಲೂಗಡ್ಡೆ ಮೂರನ್ನೂ ಒಂದೇ ತುತ್ತಿಗೆ ಸೇರಿಸಿ ತಿನ್ನು ಅಂತ ಕೈಸನ್ನೆ ಮಾಡಿ ತೋರಿಸಿದರು.

ತಿಂದ ಮೇಲೆ ಅರ್ಥವಾಯಿತು. ಹುಳಿ ಎಲೆಕೋಸಿನ ಪಕ್ಕದಲ್ಲಿ, ಉಪ್ಪುಪ್ಪು ಗ್ರೇವಿಯ ಕೆಳಗೆ ಆ ಸಿಹಿ ಇರಬೇಕು. ಉಡುಪಿ ಕಡೆಯ ಹುಳಿಗೆ ಒಂದು ಚೂರು ಬೆಲ್ಲ ಹಾಕುತ್ತಾರಲ್ಲ, ಅದೇ ಕೆಲಸ. ಬೆಲ್ಲವನ್ನೇ ಬೇರೆ ತಿಂದರೆ ಹುಳಿಯ ರುಚಿ ಗೊತ್ತಾಗುತ್ತದೆಯೇ? ಹಾಗೆಯೇ ಇದೂ. ಈ ಅಡುಗೆಗಳನ್ನು ಮಾಡುವಾಗ ಇದೊಂದು ನೆನಪಿರಲಿ: ಇವು ಒಂಟಿಯಾಗಿ ತಿನ್ನುವ ಪದಾರ್ಥಗಳಲ್ಲ. ಪಕ್ಕದಲ್ಲಿ ಏನಿದೆ ಎನ್ನುವುದರ ಮೇಲೆ ಇವುಗಳ ರುಚಿ ನಿಂತಿದೆ.

ಇನ್ನೊಂದು ಮಾತು. ಇಲ್ಲಿ ಮಸಾಲೆ ಇಲ್ಲವೆನ್ನುವಷ್ಟು ಕಡಿಮೆ. ಉಪ್ಪು, ಬೆಣ್ಣೆ, ಹಾಲು, ಕೆನೆ, ಸೊಪ್ಪು, ಒಂದಿಷ್ಟು ಬಿಳಿ ಮೆಣಸು. ಅಷ್ಟೇ. ಒಗ್ಗರಣೆಯಿಂದ ತಪ್ಪು ಮುಚ್ಚಿಕೊಳ್ಳಲು ಆಗುವುದಿಲ್ಲ. ಆಲೂಗಡ್ಡೆ ಎಂಥದ್ದು, ಎಷ್ಟು ಬೆಂದಿದೆ, ನೀರು ಎಷ್ಟು ಆರಿದೆ ಎಂಬುದೆಲ್ಲ ಎದ್ದು ಕಾಣುತ್ತದೆ. ಹಾಗಾಗಿ ಮೊದಲು ಗಡ್ಡೆಯಿಂದಲೇ ಶುರು ಮಾಡೋಣ.

ಯಾವ ಆಲೂಗಡ್ಡೆ?

ಅಲ್ಲಿನ ಅಂಗಡಿಗಳಲ್ಲಿ ಆಲೂಗಡ್ಡೆ ಚೀಲದ ಮೇಲೆಯೇ ಬರೆದಿರುತ್ತದೆ: ಇದು ಗಟ್ಟಿ ಜಾತಿ, ಇದು ಹಿಟ್ಟಾಗುವ ಜಾತಿ ಅಂತ. ಗಟ್ಟಿ ಜಾತಿಯದು ಬೆಂದ ಮೇಲೂ ಆಕಾರ ಬಿಡುವುದಿಲ್ಲ, ಕತ್ತರಿಸಿದರೆ ಮೇಣದಂತೆ ನುಣ್ಣಗೆ. ಹಿಟ್ಟಾಗುವ ಜಾತಿ ಬೆಂದಾಗ ಅಂಚು ಉದುರುತ್ತದೆ, ಹಿಸುಕಿದರೆ ಹಗುರ. ಪಾಕದ ಆಲೂಗಡ್ಡೆಗೂ ಸಬ್ಬಸಿಗೆಯದಕ್ಕೂ ಗಟ್ಟಿಯದು ಬೇಕು. ರೊಟ್ಟಿಗೂ ಒವನ್ನಿನಲ್ಲಿ ಬೇಯಿಸುವುದಕ್ಕೂ ಹಿಟ್ಟಿನದು.

ನಮ್ಮ ಮಾರುಕಟ್ಟೆಯಲ್ಲಿ ಹೀಗೆ ಬೇರೆ ಮಾಡಿ ಮಾರುವುದಿಲ್ಲ. ಪರೀಕ್ಷೆ ಮಾಡಲು ಸುಲಭದ ದಾರಿ ಇದೆ. ಒಂದು ಲೋಟ ಉಪ್ಪಿಗೆ 11 ಲೋಟ ನೀರು ಸೇರಿಸಿ ಕರಗಿಸಿ, ಅದರಲ್ಲಿ ಗಡ್ಡೆ ಬಿಡಿ. ಮುಳುಗಿದರೆ ಹಿಟ್ಟಿನದು, ತೇಲಿದರೆ ಗಟ್ಟಿಯದು. ಹಿಟ್ಟಿನ ಜಾತಿಯಲ್ಲಿ ಪಿಷ್ಟ ಜಾಸ್ತಿ, ಹಾಗಾಗಿ ಭಾರವೂ ಜಾಸ್ತಿ. ಉಪ್ಪು ದಂಡ ಎನಿಸಿದರೆ ಸಣ್ಣ ಲೋಟದಲ್ಲಿ ಅಳೆದು ಒಂದೇ ಗಡ್ಡೆ ಪರೀಕ್ಷಿಸಿ ಸಾಕು. ನನ್ನ ಅನುಭವದಲ್ಲಿ ಹಾಸನದ ಕಡೆಯಿಂದ ಹೊಸದಾಗಿ ಬಂದ, ಸಿಪ್ಪೆ ಉಗುರಿಗೇ ಬಿಡುವ ಎಳೆ ಗಡ್ಡೆ ಗಟ್ಟಿಯಾಗಿ ನಿಲ್ಲುತ್ತದೆ. ಅದೇ ಗಡ್ಡೆ ತಿಂಗಳುಗಟ್ಟಲೆ ಇಟ್ಟ ಮೇಲೆ ಬೇರೆ ಥರ.

ಕೋಲ್ಡ್ ಸ್ಟೋರೇಜಿನಲ್ಲಿ ತುಂಬಾ ದಿನ ಇದ್ದದ್ದನ್ನು ಒವನ್ನಿಗೆ ಬಳಸಬೇಡಿ. ಚಳಿಯಲ್ಲಿ ಗಡ್ಡೆಯೊಳಗಿನ ಪಿಷ್ಟ ಸ್ವಲ್ಪ ಸ್ವಲ್ಪವೇ ಸಕ್ಕರೆಯಾಗುತ್ತದೆ. ಒಳಗೆ ಬೇಯುವ ಮೊದಲೇ ಹೊರಗೆ ಕಪ್ಪಾಗುತ್ತದೆ. ಮನೆಯ ಫ್ರಿಜ್ಜಿನಲ್ಲಿ ಹಸಿ ಆಲೂಗಡ್ಡೆ ಇಡುವುದೂ ಅದೇ ಕಾರಣಕ್ಕೆ ಬೇಡ. ಹಸಿರು ತಿರುಗಿದ ಭಾಗ ಇದ್ದರೆ ದಪ್ಪಕ್ಕೆ ಕೆತ್ತಿ ಬಿಸಾಡಿ.

ಅಳತೆಯ ಬಗ್ಗೆಯೂ ಹೇಳಿಬಿಡುತ್ತೇನೆ. ಅಲ್ಲಿನ ಅಡುಗೆ ಪುಸ್ತಕಗಳಲ್ಲಿ ಕಪ್ ಎಂಬ ಮಾತೇ ಇಲ್ಲ, ಎಲ್ಲ ಡೆಸಿಲೀಟರ್. ಒಂದು ಡೆಸಿಲೀಟರ್ ಅಂದರೆ 100 ಮಿಲಿ. ಇಲ್ಲಿ ನಾನು ಮಿಲಿ, ಗ್ರಾಂ, ಚಮಚದಲ್ಲೇ ಕೊಟ್ಟಿದ್ದೇನೆ. ದೊಡ್ಡ ಚಮಚ ಅಂದರೆ 15 ಮಿಲಿ, ಚಿಕ್ಕದು 5. ಎಲ್ಲವೂ ನಾಲ್ಕೈದು ಜನಕ್ಕೆ.

ಬೇಯಿಸುವುದೂ ಒಂದು ಕಲೆಯೇ

ಕುಕ್ಕರ್ ಬೇಡ. ಗೊತ್ತು, ನಮಗೆಲ್ಲ ಅದೇ ಅಭ್ಯಾಸ. ಆದರೆ ಎರಡು ಸೀಟಿಗೆ ಗಡ್ಡೆ ಬಿರಿಯುತ್ತದೆ, ನೀರು ಕುಡಿಯುತ್ತದೆ. ಅಗಲ ಪಾತ್ರೆಯಲ್ಲಿ ಒಂದೇ ಗಾತ್ರದ ಗಡ್ಡೆಗಳನ್ನು ಸಿಪ್ಪೆ ಸಮೇತ ಹಾಕಿ, ಮುಳುಗುವಷ್ಟು ತಣ್ಣೀರು ಹಾಕಿ. ಒಂದು ಲೀಟರ್ ನೀರಿಗೆ ಎರಡು ಚಿಕ್ಕ ಚಮಚ ಉಪ್ಪು. ತಣ್ಣೀರಿನಿಂದಲೇ ಶುರು ಮಾಡಿದರೆ ಹೊರಗೂ ಒಳಗೂ ಸಮನಾಗಿ ಬೇಯುತ್ತದೆ. ಕುದಿ ಬಂದ ಮೇಲೆ ಉರಿ ಇಳಿಸಿ. ಚಿಕ್ಕವು 12ರಿಂದ 15 ನಿಮಿಷ, ನಡುಗಾತ್ರದವು 20ರಿಂದ 25. ಚೂರಿಯ ತುದಿ ಚುಚ್ಚಿ ಎತ್ತಿದಾಗ ಗಡ್ಡೆ ತಾನಾಗಿ ಜಾರಿ ಬಿದ್ದರೆ ಬೆಂದಿದೆ.

ಆಮೇಲೆ ನೀರು ಬಸಿದು, ಖಾಲಿ ಪಾತ್ರೆಗೆ ಗಡ್ಡೆ ಮತ್ತೆ ಹಾಕಿ, ಸಣ್ಣ ಉರಿಯ ಮೇಲೆ ಒಂದು ನಿಮಿಷ ಅಲ್ಲಾಡಿಸಿ. ಮೇಲಿನ ತೇವವೆಲ್ಲ ಹಬೆಯಾಗಿ ಹೋಗುತ್ತದೆ. ಹೆಚ್ಚಿನವರು ಬಿಟ್ಟುಬಿಡುವ ಹಂತ ಇದು. ನಾನಂತೂ ಬಿಡುವುದಿಲ್ಲ.

ಸ್ವೀಡನ್ನಿನಲ್ಲಿ ಜೂನ್ ತಿಂಗಳ ಮಿಡ್‌ಸಮ್ಮರ್ ಹಬ್ಬಕ್ಕೆ ಹೊಸ ಬೆಳೆಯ ಎಳೆ ಆಲೂಗಡ್ಡೆಯನ್ನು ಸಬ್ಬಸಿಗೆಯ ಕಡ್ಡಿ, ಹೂವಿನ ಸಮೇತ ಬೇಯಿಸುತ್ತಾರೆ. ಜೊತೆಗೆ ಹುಳಿ ಕೆನೆ, ಹೆಚ್ಚಿದ ಈರುಳ್ಳಿ ಎಲೆಯಂಥ ಚೈವ್ಸ್, ಉಪ್ಪಿನಕಾಯಿ ಹಾಕಿದ ಹೆರಿಂಗ್ ಮೀನು. ಅಲ್ಲಿಗೆ ಅದು ಹಬ್ಬದೂಟ. ಸಬ್ಬಸಿಗೆ ಸೊಪ್ಪು ಬಿಡಿಸಿದ ಮೇಲೆ ಉಳಿಯುವ ಕಡ್ಡಿ ಬಿಸಾಡುವ ಬದಲು ಮುಂದಿನ ಸಲ ಹೀಗೆ ನೀರಿಗೆ ಹಾಕಿ ನೋಡಿ.

ಪಾಕದ ಆಲೂಗಡ್ಡೆ: ಬ್ರೂನೆಡೆ ಕಾರ್ತೋಫ್ಲರ್

ಹೆಸರಿನ ಅರ್ಥ ಇಷ್ಟೇ: ಕಂದು ಮಾಡಿದ ಆಲೂಗಡ್ಡೆ. ಡೇನಿಷರ ಕ್ರಿಸ್‌ಮಸ್ ಊಟದಲ್ಲಿ ಬಾತುಕೋಳಿ ಅಥವಾ ಹಂದಿ ಮಾಂಸದ ಪಕ್ಕಕ್ಕೆ ಇದು ಬೇಕೇ ಬೇಕು. ಮೂರೇ ಸಾಮಾನು. ಆದರೆ ಅತಿ ಹೆಚ್ಚು ಕೆಡುವ ಅಡುಗೆಯೂ ಇದೇ.

ಬೇಕಾದದ್ದು: ಒಂದು ಕಿಲೋ ಚಿಕ್ಕ ಗಟ್ಟಿ ಆಲೂಗಡ್ಡೆ (ಬೇಬಿ ಆಲೂಗಡ್ಡೆ ಎಂದು ಮಾರುವುದು ಸರಿಹೋಗುತ್ತದೆ), 100 ಗ್ರಾಂ ಸಕ್ಕರೆ, 40 ಗ್ರಾಂ ಬೆಣ್ಣೆ, ಒಂದು ಚಿಟಿಕೆ ಉಪ್ಪು.

ಹಿಂದಿನ ದಿನವೇ ಬೇಯಿಸಿ, ಬಿಸಿ ಇರುವಾಗಲೇ ಸಿಪ್ಪೆ ಸುಲಿದು, ಮುಚ್ಚಿ ಫ್ರಿಜ್ಜಿನಲ್ಲಿಡಿ. ಬೆಂದ ಗಡ್ಡೆಯನ್ನು ಫ್ರಿಜ್ಜಿನಲ್ಲಿಡಬಹುದು, ಹಸಿಯದು ಮಾತ್ರ ಬೇಡ. ರಾತ್ರಿಯಿಡೀ ತಣ್ಣಗಾದದ್ದು ಗಟ್ಟಿಯಾಗಿರುತ್ತದೆ, ಬಾಣಲೆಯಲ್ಲಿ ಹೊರಳಿಸಿದರೆ ಒಡೆಯುವುದಿಲ್ಲ. ಅದೇ ದಿನ ಬೇಯಿಸಿ ಬಿಸಿಬಿಸಿ ಹಾಕಿದರೆ ಕೊನೆಗೆ ಸಿಹಿ ಪಲ್ಯ ಸಿಗುತ್ತದೆ. ನನ್ನ ಮೊದಲ ಪ್ರಯತ್ನ ಹಾಗೇ ಆಗಿತ್ತು.

1. ಅಗಲವಾದ, ತಳ ದಪ್ಪಗಿರುವ ಸ್ಟೀಲ್ ಬಾಣಲೆ ತೆಗೆದುಕೊಳ್ಳಿ. ಕಪ್ಪು ನಾನ್‌ಸ್ಟಿಕ್ಕಿನಲ್ಲಿ ಪಾಕದ ಬಣ್ಣ ಕಾಣುವುದಿಲ್ಲ. ಗಡ್ಡೆಗಳೆಲ್ಲ ಒಂದೇ ಪದರದಲ್ಲಿ ಹಿಡಿಸಬೇಕು.

2. ಸಕ್ಕರೆಯನ್ನು ಒಣದಾಗಿಯೇ ತೆಳ್ಳಗೆ ಹರಡಿ, ಮಧ್ಯಮ ಉರಿ ಇಡಿ. ನೀರು ಹಾಕಬೇಡಿ. ಚಿಕ್ಕಿಗೆ ಪಾಕ ಮಾಡಿ ಅಭ್ಯಾಸ ಇದ್ದವರಿಗೆ ಕೈ ತಾನಾಗಿ ನೀರಿನ ಕಡೆ ಹೋಗುತ್ತದೆ. ಇಲ್ಲಿ ಎಳೆ ಪಾಕದ ಲೆಕ್ಕವಿಲ್ಲ, ಸಕ್ಕರೆಯೇ ಕರಗಿ ಕಂದಾಗಬೇಕು.

3. ಸೌಟು ಹಾಕಿ ಕಲಕಬೇಡಿ. ಕಲಕಿದರೆ ಸಕ್ಕರೆ ಗಂಟುಕಟ್ಟುತ್ತದೆ. ಅಂಚಿನಲ್ಲಿ ಮೊದಲು ಕರಗುತ್ತದೆ. ಆಗ ಬಾಣಲೆ ಎತ್ತಿ ಓರೆ ಮಾಡಿ ಕರಗಿದ್ದು ನಡುವಿಗೆ ಹರಿಯುವಂತೆ ಮಾಡಿ.

4. ಬಣ್ಣ ನೋಡುತ್ತಿರಿ. ಮೊದಲು ಜೇನಿನ ಬಣ್ಣ, ಆಮೇಲೆ ಕಡಕ್ ಡಿಕಾಕ್ಷನ್ ಚಹಾದ ಬಣ್ಣ. ಅಲ್ಲಿಗೆ ನಿಲ್ಲಿಸಿ. ಹೊಗೆ ಎದ್ದು ಸಣ್ಣ ನೊರೆ ಬಂದರೆ ಕಹಿಯಾಯಿತು ಎಂದೇ ಲೆಕ್ಕ. ಚೆಲ್ಲಿ ಮತ್ತೆ ಶುರು ಮಾಡಿ, 100 ಗ್ರಾಂ ಸಕ್ಕರೆಯ ಮುಖ ನೋಡಬೇಡಿ.

5. ಉರಿ ಆರಿಸಿ ಬೆಣ್ಣೆ ಹಾಕಿ. ಭುಸ್ ಎಂದು ಉಕ್ಕುತ್ತದೆ, ಮುಖ ದೂರವಿಡಿ. ಈಗ ಕಲಕಬಹುದು.

6. ತಣ್ಣನೆಯ ಗಡ್ಡೆಗಳನ್ನು ಜರಡಿ ಬುಟ್ಟಿಗೆ ಹಾಕಿ, ನಲ್ಲಿ ನೀರಿನಲ್ಲಿ ತೊಳೆದು, ಬಸಿದು, ಒದ್ದೆ ಮೈಯಲ್ಲೇ ಬಾಣಲೆಗೆ ಹಾಕಿ. ಡೇನಿಷ್ ಅಡುಗೆಮನೆಗಳ ಗುಟ್ಟು ಇದು. ಮೈಮೇಲಿನ ಆ ತೆಳು ನೀರಿನ ಪದರ ಪಾಕವನ್ನು ಸಡಿಲ ಮಾಡಿ ಸಮನಾಗಿ ಅಂಟುವಂತೆ ಮಾಡುತ್ತದೆ. ನೀರು ತೊಟ್ಟಿಕ್ಕುವಷ್ಟು ಬೇಡ.

7. ಹಾಕಿದ ತಕ್ಷಣ ಪಾಕವೆಲ್ಲ ಗಟ್ಟಿಯಾಗಿ ತಳ ಹಿಡಿದಂತೆ ಕಾಣುತ್ತದೆ. ಗಾಬರಿ ಬೇಡ. ಸಣ್ಣ ಉರಿಯಲ್ಲಿ ಐದು ನಿಮಿಷ ಬಿಡಿ, ಮತ್ತೆ ಕರಗುತ್ತದೆ. ಕರಗದಿದ್ದರೆ ಎರಡು ಚಮಚ ಬಿಸಿನೀರು ಸಾಕು.

8. ಇನ್ನು 10ರಿಂದ 15 ನಿಮಿಷ ಬಾಣಲೆಯನ್ನು ಆಗಾಗ ಕುಲುಕಿ ಹೊರಳಿಸುತ್ತಿರಿ. ಪಾಕ ದಪ್ಪಗಾಗಿ ಎಲ್ಲ ಗಡ್ಡೆಗೂ ಹೊದಿಕೆಯಂತೆ ಹತ್ತಿದಾಗ ಉಪ್ಪು ಉದುರಿಸಿ ಇಳಿಸಿ. ತಕ್ಷಣ ಬಡಿಸಿ.

ಮಕ್ಕಳನ್ನು ಅಡುಗೆಮನೆಯಿಂದ ಆಚೆ ಕಳಿಸಿ. ಕಂದಾಗುತ್ತಿರುವ ಸಕ್ಕರೆ 160 ಡಿಗ್ರಿ ದಾಟಿರುತ್ತದೆ, ಚರ್ಮಕ್ಕೆ ಬಿದ್ದರೆ ಅಂಟಿಕೊಂಡೇ ಸುಡುತ್ತದೆ. ಪಕ್ಕದಲ್ಲಿ ಒಂದು ಬೋಗುಣಿ ತಣ್ಣೀರು ಇರಲಿ. ತಳ ಹಿಡಿದ ಬಾಣಲೆ ಉಜ್ಜಿ ಕೈ ನೋಯಿಸಿಕೊಳ್ಳಬೇಡಿ, ನೀರು ಹಾಕಿ ಕುದಿಸಿದರೆ ತಾನೇ ಬಿಡುತ್ತದೆ.

ಸಕ್ಕರೆ ಬದಲು ಬೆಲ್ಲ ಹಾಕಬಹುದೇ ಅಂತ ಎಲ್ಲರೂ ಕೇಳುತ್ತಾರೆ. ನಾನೂ ಮಾಡಿ ನೋಡಿದೆ. ಬೆಲ್ಲ ಮೊದಲೇ ಕಂದು, ಹಾಗಾಗಿ ಯಾವಾಗ ನಿಲ್ಲಿಸಬೇಕೋ ಗೊತ್ತಾಗುವುದಿಲ್ಲ. ಒಣದಾಗಿ ಬಿಸಿ ಮಾಡಿದರೆ ಬೇಗ ಸೀಯುತ್ತದೆ. ರುಚಿಯೂ ಬೇರೆ ದಿಕ್ಕಿಗೆ ಹೋಯಿತು. ಬೇಡ.

ಪಕ್ಕಕ್ಕೆ ಕೆಂಪು ಎಲೆಕೋಸು ಮಾಡದೆ ಇದನ್ನು ಬಡಿಸಬೇಡಿ. ಒಂದು ಕಿಲೋ ಕೆಂಪು ಎಲೆಕೋಸನ್ನು ಸಣ್ಣಗೆ ಹೆಚ್ಚಿ, ಎರಡು ದೊಡ್ಡ ಚಮಚ ಬೆಣ್ಣೆಯಲ್ಲಿ ಬಾಡಿಸಿ. 100 ಮಿಲಿ ವಿನೆಗರ್, 60 ಗ್ರಾಂ ಸಕ್ಕರೆ, ಉಪ್ಪು, ಎರಡು ಲವಂಗ, ಒಂದು ಪಲಾವ್ ಎಲೆ ಹಾಕಿ ಮುಚ್ಚಿ ಒಂದು ಗಂಟೆ ಸಣ್ಣ ಉರಿಯಲ್ಲಿ ಬೇಯಿಸಿ. ವಿನೆಗರ್ ಮೊದಲೇ ಹಾಕಿದರೆ ಕೆಂಪು ಉಳಿಯುತ್ತದೆ, ತಡ ಮಾಡಿದರೆ ನೀಲಿ ತಿರುಗುತ್ತದೆ. ಡೇನಿಷರು ಇದಕ್ಕೆ ರೆಡ್ ಕರಂಟ್ ಹಣ್ಣಿನ ರಸ ಸೇರಿಸುತ್ತಾರೆ. ನಾನು ಮಂಗಳೂರಿನ ಕಡೆಯ ಪುನರ್ಪುಳಿ ರಸ ಹಾಕುತ್ತೇನೆ. ಹುಳಿಯೂ ಬಂತು, ಬಣ್ಣವೂ ಬಂತು. ಮಾಂಸ ತಿನ್ನದವರು ಅಣಬೆ ಹುರಿದು, ಅದೇ ಎಣ್ಣೆಯಲ್ಲಿ ಮೈದಾ ಕೆಂಪಗೆ ಹುರಿದು, ನೀರು, ಸ್ವಲ್ಪ ಕೆನೆ ಹಾಕಿ ಉಪ್ಪು ಮುಂದಾದ ಗ್ರೇವಿ ಮಾಡಿಕೊಳ್ಳಿ. ಈ ಮೂರೂ ಸೇರಿದರೆ ಊಟ ಪೂರ್ತಿ.

ಸಬ್ಬಸಿಗೆ ಆಲೂಗಡ್ಡೆ

ಸ್ವೀಡನ್ನಿನವರು ಡಿಲ್ ಎಂದು ಎಲ್ಲದಕ್ಕೂ ಹಾಕುವ ಸೊಪ್ಪು ನಮ್ಮ ಸಬ್ಬಸಿಗೆಯೇ. ಅಕ್ಕಿ ರೊಟ್ಟಿಗೆ ಹಾಕಿ ತಿಂದು ಬೆಳೆದವರಿಗೆ ಸ್ಟಾಕ್‌ಹೋಮಿನ ತರಕಾರಿ ಅಂಗಡಿಯಲ್ಲಿ ಆ ವಾಸನೆ ಮೂಗಿಗೆ ಬಡಿದರೆ ಒಂದು ಕ್ಷಣ ಎಲ್ಲಿದ್ದೇನೆ ಎಂದೇ ಮರೆತುಹೋಗುತ್ತದೆ. ಅವರು ಇದನ್ನು ಹಾಲಿನ ಗೊಜ್ಜಿನಂತೆ ಮಾಡಿ ಹೊಗೆ ಹಾಕಿದ ಮೀನು ಅಥವಾ ಸಾಸೇಜ್ ಪಕ್ಕ ಬಡಿಸುತ್ತಾರೆ. ಹೆಸರು ಡಿಲ್‌ಸ್ಟೂವಾದ್ ಪೊಟಾಟಿಸ್.

800 ಗ್ರಾಂ ಗಟ್ಟಿ ಆಲೂಗಡ್ಡೆ ಬೇಯಿಸಿ, ಸುಲಿದು, ದಪ್ಪ ಹೋಳು ಮಾಡಿಟ್ಟುಕೊಳ್ಳಿ. ಬಾಣಲೆಯಲ್ಲಿ ಎರಡು ದೊಡ್ಡ ಚಮಚ ಬೆಣ್ಣೆ ಕರಗಿಸಿ, ಮೂರು ದೊಡ್ಡ ಚಮಚ ಮೈದಾ ಹಾಕಿ ಒಂದು ನಿಮಿಷ ಹುರಿಯಿರಿ. ಬಣ್ಣ ಬರಬಾರದು, ಹಸಿ ವಾಸನೆ ಮಾತ್ರ ಹೋಗಬೇಕು. 500 ಮಿಲಿ ಹಾಲನ್ನು ಸ್ವಲ್ಪ ಸ್ವಲ್ಪವೇ ಸುರಿಯುತ್ತ ಕೈಬಿಡದೆ ಕಲಕಿ. ಸಣ್ಣ ಉರಿಯಲ್ಲಿ ಐದು ನಿಮಿಷ ಕುದಿಸಿ. ಉಪ್ಪು, ಬಿಳಿ ಮೆಣಸಿನ ಪುಡಿ ಹಾಕಿ ಆಲೂಗಡ್ಡೆ ಹೋಳು ಸೇರಿಸಿ, ಬಿಸಿಯಾದ ಮೇಲೆ ಒಲೆ ಆರಿಸಿ. ಕೊನೆಯಲ್ಲಿ, ಒಲೆ ಆರಿಸಿದ ಮೇಲೆಯೇ, ಒಂದು ಹಿಡಿ ಹೆಚ್ಚಿದ ಸಬ್ಬಸಿಗೆ. ಕುದಿಸಿದರೆ ಪರಿಮಳ ಹಾರಿಹೋಗಿ ಹುಲ್ಲಿನ ರುಚಿ ಉಳಿಯುತ್ತದೆ.

ನಮ್ಮ ಸೊಪ್ಪಿನ ಘಾಟು ಸ್ವಲ್ಪ ಜಾಸ್ತಿ ಅನಿಸುತ್ತದೆ. ಎಳೆ ತುದಿಗಳನ್ನು ಮಾತ್ರ ಬಳಸಿ. ಗಂಟಾದರೆ ಬೀಟರ್ ಹಿಡಿದು ಬಡಿಯಿರಿ, ಆಲೂಗಡ್ಡೆ ಹಾಕುವ ಮೊದಲೇ.

ಬೀಸಣಿಗೆಯಂತೆ ಬಿಚ್ಚುವ ಹಾಸೆಲ್‌ಬಾಕ್

ಸ್ಟಾಕ್‌ಹೋಮಿನ ಯೂರ್‌ಗೋರ್ಡನ್ ದ್ವೀಪದಲ್ಲಿ ಹಾಸೆಲ್‌ಬಾಕನ್ ಎಂಬ ಹಳೆಯ ರೆಸ್ಟೋರೆಂಟ್ ಇದೆ. ಈ ಆಲೂಗಡ್ಡೆಯ ಹೆಸರು ಅಲ್ಲಿಂದಲೇ ಬಂದದ್ದು. 1953ರಲ್ಲಿ ಅಲ್ಲಿ ಅಡುಗೆ ಕಲಿಯುತ್ತಿದ್ದ ಲೀಫ್ ಎಲಿಸನ್ ಮೊದಲು ಮಾಡಿದ್ದು ಎಂದು ಸ್ವೀಡನ್ನಿನಲ್ಲಿ ಹೇಳುತ್ತಾರೆ.

ಎಂಟು ನಡುಗಾತ್ರದ, ಮೊಟ್ಟೆಯಾಕಾರದ ಗಡ್ಡೆ ಸುಲಿಯಿರಿ. ಒಂದು ಗಡ್ಡೆಯನ್ನು ಎರಡು ಮರದ ಸೌಟಿನ ಹಿಡಿಗಳ ನಡುವೆ ಮಲಗಿಸಿ, ಮೂರು ಮಿಲಿಮೀಟರ್ ಅಂತರದಲ್ಲಿ ಮೇಲಿನಿಂದ ಕತ್ತರಿಸುತ್ತ ಹೋಗಿ. ಚೂರಿ ಸೌಟಿನ ಹಿಡಿಗೆ ತಾಗಿ ನಿಲ್ಲುತ್ತದೆ, ತಳ ಕತ್ತರಿಸಿ ಹೋಗುವುದಿಲ್ಲ. ಕತ್ತರಿಸಿದ್ದನ್ನು ಹತ್ತು ನಿಮಿಷ ತಣ್ಣೀರಿನಲ್ಲಿ ಬಿಡಿ. ಪಿಷ್ಟ ತೊಳೆದು ಹೋದರೆ ಪದರಗಳು ಒಂದಕ್ಕೊಂದು ಅಂಟುವುದಿಲ್ಲ. ಬಟ್ಟೆಯಿಂದ ಚೆನ್ನಾಗಿ ಒರೆಸಿ, 60 ಗ್ರಾಂ ಕರಗಿದ ಬೆಣ್ಣೆಯಲ್ಲಿ ಅರ್ಧ ಸವರಿ, ಉಪ್ಪು ಉದುರಿಸಿ. 220 ಡಿಗ್ರಿಯಲ್ಲಿ 30 ನಿಮಿಷ ಬೇಯಿಸಿ. ಹೊರಗೆ ತೆಗೆದಾಗ ಪದರ ಬಿಚ್ಚಿಕೊಂಡಿರುತ್ತದೆ, ಉಳಿದ ಬೆಣ್ಣೆ ಒಳಗೆಲ್ಲ ಇಳಿಯುವಂತೆ ಸವರಿ, ಎರಡು ದೊಡ್ಡ ಚಮಚ ಬ್ರೆಡ್ ಪುಡಿ ಉದುರಿಸಿ ಮತ್ತೆ 20ರಿಂದ 25 ನಿಮಿಷ. ಚಿಕ್ಕ ಓಟಿಜಿ ಒವನ್ನಿನಲ್ಲಿ ಮೇಲಿನ ಕಾಯಿಲ್ ಹತ್ತಿರವಿರುವುದರಿಂದ ಮೊದಲರ್ಧ ಫಾಯಿಲ್ ಮುಚ್ಚಿ.

ಬ್ರೆಡ್ ಪುಡಿಯನ್ನು ಮೊದಲೇ ಹಾಕುವ ಆಸೆ ಬೇಡ, ಸೀದುಹೋಗುತ್ತದೆ.

ಲೆಫ್ಸೆ: ಆಲೂಗಡ್ಡೆ ರೊಟ್ಟಿ, ಸಿಹಿಗೂ ಸೈ ಉಪ್ಪಿಗೂ ಸೈ

ನಾರ್ವೆಯ ಲೆಫ್ಸೆ ಮಾಡುವುದನ್ನು ನೋಡಿದರೆ ನಿಮಗೆ ಚಪಾತಿಯೋ ಹೋಳಿಗೆಯೋ ನೆನಪಾಗದೆ ಇರದು. ಅಗಲವಾದ ಚಪ್ಪಟೆ ಕಾವಲಿ, ತೆಳ್ಳಗೆ ಲಟ್ಟಿಸಿದ ರೊಟ್ಟಿ, ತಿರುವಿ ಹಾಕಲು ಉದ್ದನೆಯ ತೆಳು ಮರದ ಪಟ್ಟಿ. ಆ ಕಾವಲಿಯನ್ನು ಅವರು ತಕ್ಕೆ ಎನ್ನುತ್ತಾರೆ. ನಮ್ಮ ತಕ್ಕೆಗೂ ಅದಕ್ಕೂ ಸಂಬಂಧವಿಲ್ಲ, ಕೇಳಲು ಮಜಾ ಅಷ್ಟೇ. ಕ್ರಿಸ್‌ಮಸ್ ಹೊತ್ತಿಗೆ ಮೀನಿನೂಟದ ಪಕ್ಕಕ್ಕೆ ಬೆಣ್ಣೆ ಸವರಿ ಕೊಡುತ್ತಾರೆ. ಊಟವಾದ ಮೇಲೆ ಅದೇ ರೊಟ್ಟಿಗೆ ಬೆಣ್ಣೆ, ಸಕ್ಕರೆ, ದಾಲ್ಚಿನ್ನಿ ಪುಡಿ ಹಾಕಿ ಸುರುಳಿ ಸುತ್ತಿ ಕಾಫಿಗೆ.

ಹಿಟ್ಟಿನ ಜಾತಿಯ ಒಂದು ಕಿಲೋ ಆಲೂಗಡ್ಡೆ ಬೇಯಿಸಿ, ಸುಲಿದು, ಬಿಸಿ ಇರುವಾಗಲೇ ಶಾವಿಗೆ ಒರಳಿನಲ್ಲಿ ಒತ್ತಿ. ಸಣ್ಣ ತೂತಿನ ಅಚ್ಚು ಹಾಕಿದರೆ ಒಂದು ಗಂಟೂ ಉಳಿಯುವುದಿಲ್ಲ. ಅಲ್ಲಿ ಇದಕ್ಕೆಂದೇ ಬೇರೆ ಸಾಧನ ಕೊಳ್ಳುತ್ತಾರೆ, ನಮ್ಮ ಅಜ್ಜಿಯರ ಕಾಲದಿಂದ ನಮ್ಮಲ್ಲಿ ಇದ್ದೇ ಇದೆ. ಒತ್ತಿದ್ದಕ್ಕೆ 50 ಗ್ರಾಂ ಬೆಣ್ಣೆ, 100 ಮಿಲಿ ಕೆನೆ, ಒಂದೊಂದು ಚಿಕ್ಕ ಚಮಚ ಉಪ್ಪು ಮತ್ತು ಸಕ್ಕರೆ ಸೇರಿಸಿ. ತಣಿದ ಮೇಲೆ ತೆಳು ಬಟ್ಟೆ ಮುಚ್ಚಿ ಫ್ರಿಜ್ಜಿನಲ್ಲಿ ರಾತ್ರಿಯಿಡೀ ಇಡಿ. ತೇವ ಹೋಗಬೇಕು, ಹಾಗಾಗಿ ಬಿಗಿ ಮುಚ್ಚಳ ಬೇಡ.

ಮರುದಿನ ಲಟ್ಟಿಸುವ ಹೊತ್ತಿಗೆ ಮಾತ್ರ 200ರಿಂದ 250 ಗ್ರಾಂ ಮೈದಾ ಸೇರಿಸಿ. ಚಪಾತಿ ಹಿಟ್ಟಿನಂತೆ ನಾದಬೇಡಿ, ನೆನೆಯಲು ಬಿಡಬೇಡಿ. ಆಲೂಗಡ್ಡೆ ಹಿಟ್ಟು ಕೂತಷ್ಟೂ ನೀರು ಬಿಡುತ್ತದೆ, ಅಂಟಂಟಾಗುತ್ತದೆ, ನೀವು ಮತ್ತೆ ಮೈದಾ ಹಾಕುತ್ತೀರಿ, ಕೊನೆಗೆ ರೊಟ್ಟಿ ಚರ್ಮದಂತಾಗುತ್ತದೆ. ಅರ್ಧ ಹಿಟ್ಟು ಫ್ರಿಜ್ಜಿನಲ್ಲೇ ಇರಲಿ, ಮೈದಾ ಸೇರಿಸದೆ.

ನಿಂಬೆಗಿಂತ ಕೊಂಚ ದೊಡ್ಡ ಉಂಡೆ ಮಾಡಿ, ಹಿಟ್ಟು ಉದುರಿಸಿದ ಬಟ್ಟೆಯ ಮೇಲೆ ಹಗುರ ಕೈಯಲ್ಲಿ ಲಟ್ಟಿಸಿ. ಎಣ್ಣೆ ಹಾಕದೆ ಚೆನ್ನಾಗಿ ಕಾದ ಕಾವಲಿಯ ಮೇಲೆ ಒಂದೊಂದು ಬದಿ ಒಂದು ನಿಮಿಷ. ಕಂದು ಚುಕ್ಕಿ ಬಂದರೆ ತೆಗೆದು, ಒಂದರ ಮೇಲೊಂದು ಪೇರಿಸಿ ಬಟ್ಟೆ ಮುಚ್ಚಿ. ಆ ಹಬೆಯಲ್ಲೇ ಮೆತ್ತಗಾಗುತ್ತವೆ. ಕಾವಲಿಯ ಮೇಲೆ ಬಿದ್ದ ಒಣ ಹಿಟ್ಟನ್ನು ಪ್ರತಿ ಸಲ ಒರೆಸಿ, ಇಲ್ಲದಿದ್ದರೆ ನಾಲ್ಕನೆಯ ರೊಟ್ಟಿಗೆ ಸೀದ ವಾಸನೆ.

ಆಲೂಗಡ್ಡೆ ಅಲ್ಲಿಗೆ ಬಂದ ಕಥೆ

ಇಷ್ಟೆಲ್ಲ ಕೇಳಿದರೆ ಆಲೂಗಡ್ಡೆ ಅಲ್ಲಿಯದೇ ಅನಿಸುತ್ತದೆ, ಅಲ್ವಾ? ಸ್ವೀಡನ್ನಿನ ಅಲಿಂಗ್‌ಸೋಸ್ ಊರಿನಲ್ಲಿ ಯೂನಾಸ್ ಆಲ್‌ಸ್ಟ್ರೋಮರ್ ಎಂಬ ಉದ್ಯಮಿ ಅದನ್ನು ಬೆಳೆಯಲು ಶುರು ಮಾಡಿದ್ದು 1724ರಲ್ಲಿ. ಜನ ಬೇಗ ಒಪ್ಪಲಿಲ್ಲ. ಆಮೇಲೆ ಎವಾ ಎಕೆಬ್ಲಾಡ್ ಎಂಬ ಹೆಣ್ಣುಮಗಳು ಆಲೂಗಡ್ಡೆಯಿಂದ ಹಿಟ್ಟು ಮತ್ತು ಸಾರಾಯಿ ತೆಗೆಯುವ ಬಗೆ ತೋರಿಸಿದಳು. 1748ರಲ್ಲಿ ಸ್ವೀಡನ್ನಿನ ವಿಜ್ಞಾನ ಅಕಾಡೆಮಿಗೆ ಆಯ್ಕೆಯಾದಳು, ಹಾಗೆ ಆಯ್ಕೆಯಾದ ಮೊದಲ ಮಹಿಳೆ ಅವಳೇ. ಸಾರಾಯಿಗೆ ಆಲೂಗಡ್ಡೆ ಸಾಕು ಎಂದಾದ ಮೇಲೆ ಧಾನ್ಯ ರೊಟ್ಟಿಗೆ ಉಳಿಯಿತು. ನಾರ್ವೆಯಲ್ಲಿ ಪಾದ್ರಿಗಳು ಚರ್ಚಿನಲ್ಲೇ ಆಲೂಗಡ್ಡೆ ಬೆಳೆಯಿರಿ ಎಂದು ಹೇಳುತ್ತಿದ್ದರಂತೆ, ಅವರಿಗೆ ಆಲೂಗಡ್ಡೆ ಪಾದ್ರಿಗಳು ಎಂದೇ ಹೆಸರು ಬಿತ್ತು.

ಸಕ್ಕರೆಯೇ ಹಾಕದೆ ಸಿಹಿಯಾಗುವ ಫಿನ್ನಿಷ್ ಅಡುಗೆ

ಫಿನ್‌ಲ್ಯಾಂಡಿನವರನ್ನು ಸ್ಕ್ಯಾಂಡಿನೇವಿಯದವರು ಎಂದರೆ ಅವರು ತಿದ್ದುತ್ತಾರೆ: ಸ್ಕ್ಯಾಂಡಿನೇವಿಯಾ ಅಂದರೆ ಡೆನ್ಮಾರ್ಕ್, ನಾರ್ವೆ, ಸ್ವೀಡನ್ ಮಾತ್ರ, ನಾವು ಅವರೂ ಸೇರಿದ ನಾರ್ಡಿಕ್ ಗುಂಪಿನವರು ಅಂತ. ಆದರೂ ಈ ಅಡುಗೆ ಬಿಡಲು ಮನಸ್ಸಿಲ್ಲ. ಇಮೆಲೆಟ್ಟಿ ಪೆರುನಾಲಾಟಿಕ್ಕೊ ಎಂದು ಹೆಸರು, ಹೇಮೆ ಎಂಬ ಪ್ರದೇಶದ ಕ್ರಿಸ್‌ಮಸ್ ತಿನಿಸು. ಹಿಸುಕಿದ ಆಲೂಗಡ್ಡೆಗೆ ಗೋಧಿ ಹಿಟ್ಟು ಬೆರೆಸಿ ಬೆಚ್ಚಗಿಟ್ಟರೆ, ಹಿಟ್ಟಿನಲ್ಲಿರುವ ಅಮೈಲೇಸ್ ಎಂಬ ಕಿಣ್ವ ಪಿಷ್ಟವನ್ನು ಒಡೆದು ಸಕ್ಕರೆ ಮಾಡುತ್ತದೆ. ಮೊಳಕೆ ರಾಗಿ ಹಿಟ್ಟಿನ ಗಂಜಿ ಮಾಮೂಲಿ ಗಂಜಿಗಿಂತ ತೆಳ್ಳಗೆ, ಸಿಹಿಯಾಗಿ ಇರುವುದು ಇದೇ ಕಾರಣಕ್ಕೆ.

ಒಂದೂವರೆ ಕಿಲೋ ಹಿಟ್ಟಿನ ಜಾತಿಯ ಆಲೂಗಡ್ಡೆ ಬೇಯಿಸಿ ನುಣ್ಣಗೆ ಹಿಸುಕಿ. 65 ಡಿಗ್ರಿಯಷ್ಟಕ್ಕೆ ಆರಿಸಿ. ಥರ್ಮಾಮೀಟರ್ ಇಲ್ಲದಿದ್ದರೆ ಬೆರಳು ಅದ್ದಿ ತಕ್ಷಣ ತೆಗೆಯುವಷ್ಟು ಬಿಸಿ. ಕುದಿ ಬಿಸಿಯಲ್ಲಿ ಹಿಟ್ಟು ಹಾಕಿದರೆ ಕಿಣ್ವ ಸತ್ತೇ ಹೋಗುತ್ತದೆ, ಆಮೇಲೆ ಎಷ್ಟು ಕಾದರೂ ಸಿಹಿಯಾಗದು. ಮೂರು ದೊಡ್ಡ ಚಮಚ ಗೋಧಿ ಹಿಟ್ಟು ಬೆರೆಸಿ, ಹಾಟ್ ಬಾಕ್ಸಿಗೆ ತುಂಬಿ, ಕಂಬಳಿ ಸುತ್ತಿ ಮೂರರಿಂದ ನಾಲ್ಕು ಗಂಟೆ ಇಡಿ. ಬಿಸಿ 50 ಡಿಗ್ರಿಗಿಂತ ಕೆಳಗೆ ಇಳಿಯಬಾರದು, ಇಳಿಯುತ್ತಿದ್ದರೆ ಬಿಸಿನೀರಿನ ಪಾತ್ರೆಯೊಳಗಿಟ್ಟು ಬೆಚ್ಚಗೆ ಮಾಡಿ. ಗಂಟೆಗೊಮ್ಮೆ ಕಲಕಿ ನೋಡಿ. ಗಟ್ಟಿ ಮುದ್ದೆ ಇದ್ದದ್ದು ಕಣ್ಣೆದುರೇ ತೆಳ್ಳಗಾಗಿರುತ್ತದೆ. ನಾಲಿಗೆಗೆ ಇಟ್ಟರೆ ಮೆಲ್ಲಗೆ ಸಿಹಿ. ಮೊದಲ ಸಲ ನನಗೆ ನಂಬಿಕೆಯೇ ಬರಲಿಲ್ಲ, ಮನೆಯವರು ಯಾರೋ ಸಕ್ಕರೆ ಹಾಕಿದ್ದಾರೆ ಅಂತ ವಿಚಾರಿಸಿದೆ.

ಆಮೇಲೆ 300 ಮಿಲಿ ಹಾಲು, 50 ಗ್ರಾಂ ಬೆಣ್ಣೆ, ಒಂದೂವರೆ ಚಿಕ್ಕ ಚಮಚ ಉಪ್ಪು, ಸ್ವಲ್ಪ ಜಾಯಿಕಾಯಿ ತುರಿ. ಆಳದ ಪಾತ್ರೆಗೆ ಮೂರನೇ ಎರಡು ಭಾಗ ಮಾತ್ರ ತುಂಬಿ, ಉಕ್ಕುತ್ತದೆ. 150 ಡಿಗ್ರಿಯಲ್ಲಿ ಎರಡೂವರೆ ಗಂಟೆ. ಮೇಲೆ ಕಂದು ಕೆನೆ ಕಟ್ಟುತ್ತದೆ.

ಇನ್ನೆರಡು, ಚುಟುಕಾಗಿ

ರೋರಾಕೂರ್ ಅಂದರೆ ಹಸಿ ಆಲೂಗಡ್ಡೆ ತುರಿದು ಬೆಣ್ಣೆಯಲ್ಲಿ ಸುಡುವ ತೆಳು ದೋಸೆ. ತುರಿಗೆ ಉಪ್ಪು ಹಾಕಿ, ಹಿಂಡಿ, ಕಾದ ಬೆಣ್ಣೆಗೆ ಹಾಕಿ ಚಪ್ಪಟೆ ಒತ್ತಿ, ಎರಡೂ ಬದಿ ಗರಿಗರಿ ಮಾಡಿ. ಮೊಟ್ಟೆ, ಹಾಲು, ಮೈದಾ ಕಲಸಿದ ಹಿಟ್ಟಿಗೆ ತುರಿ ಸೇರಿಸಿದರೆ ಅದು ರಗ್‌ಮುಂಕ್. ಸ್ವೀಡನ್ನಿನವರು ಇದಕ್ಕೆ ಹುರಿದ ಹಂದಿ ಮಾಂಸದ ಜೊತೆ ಲಿಂಗೊನ್ ಎಂಬ ಹುಳಿ ಹಣ್ಣಿನ ಜಾಮ್ ಇಡುತ್ತಾರೆ. ಮತ್ತೆ ಅದೇ ಲೆಕ್ಕ: ಉಪ್ಪು, ಕೊಬ್ಬು, ಹುಳಿಸಿಹಿ. ನೆಲ್ಲಿಕಾಯಿ ಮೊರಬ್ಬ ಇಟ್ಟು ನೋಡಿದ್ದೇನೆ, ತಪ್ಪೇನಿಲ್ಲ.

ಯಾನ್ಸನ್ಸ್ ಫ್ರೆಸ್ಟೆಲ್ಸೆ ಎಂಬುದು ಮೀನು ತಿನ್ನುವವರಿಗೆ. ಒಂದು ಕಿಲೋ ಆಲೂಗಡ್ಡೆ ಕಡ್ಡಿ ಕಡ್ಡಿಯಾಗಿ ಹೆಚ್ಚಿ, ಬಾಡಿಸಿದ ಎರಡು ಈರುಳ್ಳಿ, ಒಂದು ಡಬ್ಬಿ ಸ್ವೀಡಿಷ್ ಆನ್ಶೂವಿಸ್ ಪದರ ಪದರವಾಗಿ ಜೋಡಿಸಿ, 300 ಮಿಲಿ ಕೆನೆ ಸುರಿದು 200 ಡಿಗ್ರಿಯಲ್ಲಿ 50 ನಿಮಿಷ. ಇಲ್ಲಿ ಹೆಚ್ಚಿದ್ದನ್ನು ತೊಳೆಯಲೇಬಾರದು, ಆ ಪಿಷ್ಟದಿಂದಲೇ ಕೆನೆ ಗಟ್ಟಿಯಾಗುವುದು. ಒಂದು ಎಚ್ಚರಿಕೆ: ಸ್ವೀಡಿಷ್ ಆನ್ಶೂವಿಸ್ ಅಂದರೆ ಪಿಜ್ಜಾ ಮೇಲೆ ಹಾಕುವ ಆಂಚೊವಿ ಅಲ್ಲ. ಅದು ಸ್ಪ್ರಾಟ್ ಎಂಬ ಬೇರೆ ಮೀನು, ಸಕ್ಕರೆ ಮತ್ತು ಮಸಾಲೆ ನೀರಿನಲ್ಲಿ ಹಾಕಿಟ್ಟದ್ದು. ಹೆಸರು ನೋಡಿ ಆಂಚೊವಿ ಹಾಕಿದರೆ ಉಪ್ಪಿಗೆ ತಿನ್ನಲಾಗುವುದಿಲ್ಲ.

ಇನ್ನು ಮಿಕ್ಕ ಆಲೂಗಡ್ಡೆ. ಬೇಯಿಸಿದ್ದು ಉಳಿದರೆ ಡೇನಿಷರು ಮರುದಿನ ಬಿಕ್ಸೆಮಾಡ್ ಮಾಡುತ್ತಾರೆ. ಚೌಕ ಹೆಚ್ಚಿ, ಈರುಳ್ಳಿ ಮತ್ತು ಹಿಂದಿನ ದಿನ ಉಳಿದ ಮಾಂಸದ ಜೊತೆ ಬೆಣ್ಣೆಯಲ್ಲಿ ಕೆಂಪಗೆ ಹುರಿದು, ಮೇಲೊಂದು ಹುರಿದ ಮೊಟ್ಟೆ, ಪಕ್ಕದಲ್ಲಿ ವಿನೆಗರ್‌ನಲ್ಲಿ ಹಾಕಿಟ್ಟ ಬೀಟ್‌ರೂಟ್. ಪಾಕದ ಆಲೂಗಡ್ಡೆ ಉಳಿದರೆ ಮಾತ್ರ ಅದಕ್ಕೆ ಸೇರಿಸಬೇಡಿ, ಸೀಯುತ್ತದೆ. ಒಂದು ಚಮಚ ನೀರು ಹಾಕಿ ಸಣ್ಣ ಉರಿಯಲ್ಲಿ ಬಿಸಿ ಮಾಡಿಕೊಳ್ಳಿ. ನಮ್ಮ ಮನೆಯಲ್ಲಿ ಇಲ್ಲಿಯವರೆಗೆ ಅದು ಉಳಿದದ್ದು ಒಂದೇ ಸಲ, ಅದೂ ನಾನು ಸಕ್ಕರೆ ಸೀಯಿಸಿದ್ದ ದಿನ.